ತಲೆಯ ಮೇಲಿನ ಹೆಂಟೆ

ವರ್ಯಾಶ್ ಕೋಟೆಯ ರೊಟ್ಟಿಮನೆಯ ಬೋರಿಯ ಬಾಯಿಗೆ ಬೀಳಬಾರದು ಎನ್ನುವುದು ಕೋಟೆಯ ಕೆಳಗಿನ ಊರಿನ ಮಕ್ಕಳಿಗೂ ಗೊತ್ತಿತ್ತು. ಹಿಟ್ಟಿನಲ್ಲಿ ಮರಳು ಸಿಕ್ಕಿದರೆ ಗಿರಣಿಯವನ ಏಳು ತಲೆಮಾರನ್ನು ಜಾಲಾಡುವಳು. ಸೌದೆ ಹಸಿಯಾಗಿ ಬಂತೋ, ಸೌದೆ ತಂದವನಿಗೆ ಅಂದು ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ದೊರೆಸಾನಿ ಫ್ರುಜಿನಾಳ ಹೆಸರೆತ್ತಿದರೆ ಸಾಕು, ಅದೇ ಬಜಾರಿಯ ಮುಖ ಬೆಣ್ಣೆಯಾಗಿಬಿಡುತ್ತಿತ್ತು.

ಇದಕ್ಕೆಲ್ಲ ಮೂಲ ಹಾಲು. ಫ್ರುಜಿನಾ ಹುಟ್ಟಿದಾಗ ಹಾಲೂಡಿಸಲು ಕೋಟೆಗೆ ಕರೆಸಿದ್ದು ಬೋರಿಯ ತಾಯಿಯನ್ನು. ಬೋರಿ ಆಗಿನ್ನೂ ಹಸುಗೂಸು. "ದೊರೆಮಗಳಿಗೆ ಮೊದಲು, ಉಳಿದದ್ದು ನಿನಗೆ" ಎಂದು ಆ ತಾಯಿ ನಗುನಗುತ್ತ ಹೇಳುತ್ತಿದ್ದಳಂತೆ, ಬೋರಿಯೂ ಅದನ್ನು ದೊಡ್ಡಸ್ತಿಕೆ ಎಂದೇ ತಿಳಿದು ಬೆಳೆದಳು. ವಾಗ್ ನದಿಯ ಕಣಿವೆಯಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ. ಮದುವೆಯಲ್ಲಿ, ಸಾವಿನಲ್ಲಿ ಅವರಿಗೆ ಅಕ್ಕತಂಗಿಯರ ಹಕ್ಕೇ ಇದೆ. ಹಾಗಾಗಿ ನಾಲ್ಕು ಜನರೆದುರು 'ದೊರೆಸಾನಿ' ಎನ್ನುವ ಬೋರಿ, ಇಬ್ಬರೇ ಇದ್ದಾಗ 'ಫ್ರುಜಿ' ಎನ್ನುತ್ತಿದ್ದಳು.

ತುರ್ಕರ ಮೇಲಿನ ಯುದ್ಧದಲ್ಲಿ ಗಂಡ ಸತ್ತ ಮೇಲಂತೂ ರೊಟ್ಟಿ ಬೇಯಿಸುವ ದಿನ ದೊರೆಸಾನಿ ತಪ್ಪದೆ ಕೆಳಗಿಳಿದು ಬರುತ್ತಿದ್ದಳು. ದೊಡ್ಡ ರೊಟ್ಟಿಗಳು ಒಲೆ ಸೇರುವ ಮೊದಲು ಒಲೆಯ ಬಾಯಲ್ಲೇ ಬೇಯಿಸುವ ತೆಳು ರೊಟ್ಟಿಗೆ ಹುಳಿಗೆನೆ ಸವರಿಸಿಕೊಂಡು, ನಿಂತಲ್ಲೇ ತಿನ್ನುವಳು.

"ಅಕ್ಕಾ, ಮೇಲಿನ ಅಡುಗೆಯವನು ನವಿಲು ಬೇಯಿಸಿ ಇಡ್ತಾನೆ. ನಿನ್ನ ಈ ರೊಟ್ಟಿಗೆ ಅದನ್ನ ನಿವಾಳಿಸಿ ಎಸೀಬೇಕು."

"ಸಾಕು ಸಾಕು, ನಿಧಾನಕ್ಕೆ ತಿನ್ನು. ನಾಲಿಗೆ ಸುಟ್ಕೊಂಡ್ರೆ ನಾಳೆ ಯಾರನ್ನ ಬೈತೀಯ?"

ಇಡೀ ಕೋಟೆ ನಡುಗುವ ಹೆಂಗಸಿಗೆ ಹೀಗೆ ಹೇಳಲು ಇನ್ನಾರಿಗಿತ್ತು ಧೈರ್ಯ? ಬೋರಿಗೆ ಅದೇ ಅಮಲು.

ಬೋರಿಯ ಗಂಡ ಎಂದೋ ಸತ್ತಿದ್ದ. ಇದ್ದವಳು ಒಬ್ಬಳೇ ಮಗಳು, ಯುಟ್ಕಾ. ಸಂತ ಜಾರ್ಜನ ಹಬ್ಬಕ್ಕೆ ಆಳುಕಾಳುಗಳು ಹೊಸ ಮನೆ ಸೇರುವ ವಾಡಿಕೆ. ಆ ವರ್ಷ ಬೋರಿ ತಾನೇ ಮಗಳ ಕೈ ಹಿಡಿದು ಮೇಲಿನ ಹೊಲಿಗೆಮನೆಗೆ ಕರೆದೊಯ್ದಳು.

"ಫ್ರುಜಿ, ನನ್ನ ಹತ್ರ ಇರೋದು ಇದೊಂದೇ."

"ನಿನ್ನ ಮಗಳು ಅಂದ್ರೆ ನನ್ನ ಮಗಳಲ್ವೇನೆ? ಹಾಲಿನಾಣೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಮೊದಮೊದಲು ಯುಟ್ಕಾ ಭಾನುವಾರ ತಪ್ಪದೆ ಕೆಳಗೆ ಬರುತ್ತಿದ್ದಳು. ಆಮೇಲೆ ಬರುವುದು ಕಡಿಮೆಯಾಯಿತು. ಬಂದರೂ ಕೈಗಳನ್ನು ಶಾಲಿನಲ್ಲಿ ಮುಚ್ಚಿಕೊಂಡು ಕೂರುವಳು. "ಬೆರಳಿಗೆ ಏನಾಯ್ತೇ?" ಎಂದರೆ, "ಸೂಜಿ ಚುಚ್ಚಿತಮ್ಮ" ಎನ್ನುವಳು. "ಹತ್ತು ಬೆರಳಿಗೂ ಚುಚ್ಚಿಸ್ಕೊಂಡಿದೀಯಲ್ಲ ಪೆದ್ದೀ, ದೊರೆಸಾನಿ ಮುಂದೆ ನನ್ನ ಮಾನ ಕಳೀಬೇಡ" ಎಂದು ಬೋರಿ ಗದರಿದಳು. ಹುಡುಗಿ ತಾಯಿಯ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ಎದ್ದು ಹೋದಳು. ಅದೇ ಕೊನೆ.

ಕ್ರಿಸ್ತಜಯಂತಿಯ ಮುಂಚಿನ ಉಪವಾಸದ ದಿನಗಳಲ್ಲಿ, ಮೊಳೆ ಹೊಡೆದ ಶವಪೆಟ್ಟಿಗೆಯೊಂದು ರೊಟ್ಟಿಮನೆಯ ಬಾಗಿಲಿಗೆ ಬಂತು.

ಆ ಕಣಿವೆಯಲ್ಲಿ ಮದುವೆಯಾಗದೆ ಸತ್ತ ಹುಡುಗಿಯನ್ನು ಮದುಮಗಳ ಹಾಗೆಯೇ ಕಳಿಸಿಕೊಡಬೇಕು. ತಾಯಿ ಕೂತು ಜಡೆ ಹೆಣೆಯಬೇಕು, ಕನ್ಯೆಯರು ತಲೆಗೆ ಕಟ್ಟುವ ಮಣಿಯ ಪಟ್ಟಿಯನ್ನು, ಪಾರ್ಟಾವನ್ನು, ತನ್ನ ಕೈಯಾರೆ ಕಟ್ಟಬೇಕು. ಆಮೇಲೆ ಗೋರಿಯ ಬಳಿ ಪಾದ್ರಿ "ಜಡೆ ಆಯಿತೇ?" ಎಂದು ಕೇಳುತ್ತಾನೆ. "ಆಯಿತು" ಎಂದು ತಾಯಿ ಹೇಳದೆ ಒಂದು ಹಿಡಿ ಮಣ್ಣೂ ಬೀಳುವಂತಿಲ್ಲ. ಆ ಪಾರ್ಟಾವನ್ನು ಬೋರಿ ಮಗಳ ಮದುವೆಗೆಂದೇ ಮಾಡಿಟ್ಟಿದ್ದಳು. ಗಾಜಿನ ಮಣಿ ಒಂದು ಕಡಿಮೆ ಬಿದ್ದಾಗ ಹಿಟ್ಟಿನ ಉಂಡೆಯನ್ನು ಒಲೆಯಲ್ಲಿ ಸುಟ್ಟು, ಕೆಂಪು ಬಳಿದು ಪೋಣಿಸಿದ್ದಳು. ಹುಡುಗಿ ಅದನ್ನು ತನ್ನ ಗಂಟಿನಲ್ಲೇ ಮೇಲಕ್ಕೆ ಒಯ್ದಿದ್ದಳು.

"ಮುಚ್ಚಳ ತೆಗೀರಿ" ಎಂದು ಬೋರಿ ಎದೆ ಬಡಿದುಕೊಂಡಳು. ಆಗ ದೊರೆಸಾನಿ ಹಿಮದಲ್ಲಿ ನಡೆದು ಬಂದು ಅವಳನ್ನು ತಬ್ಬಿಕೊಂಡಳು.

"ಸೋಂಕು ಜ್ವರ ಅಕ್ಕಾ. ತೆಗೆದ್ರೆ ಕೋಟೆಗೆಲ್ಲ ಹಬ್ಬುತ್ತೆ. ನಾನೇ ಜಡೆ ಹೆಣೆದೆ, ನಾನೇ ಪಾರ್ಟಾ ಕಟ್ಟಿದೆ. ನಾನು ಅವಳಿಗೆ ಚಿಕ್ಕಮ್ಮ ಅಲ್ವಾ?"

ಅಲ್ಲ ಎನ್ನುವುದು ಹೇಗೆ? ತಾಯಿಗೆ ಆಗದಿದ್ದರೆ ತಾಯಿಯ ಒಡಹುಟ್ಟಿದವಳು ಹೆಣೆಯಬಹುದು, ಹಾಲಿನ ತಂಗಿಗೂ ಆ ಹಕ್ಕುಂಟು. ದೊರೆಸಾನಿಯಂಥವಳು ತನ್ನ ಮಗಳ ತಲೆ ಮುಟ್ಟಿದಳಲ್ಲ ಎಂದು ಬೋರಿ ಅವಳ ಕೈಗೆ ಮುತ್ತಿಟ್ಟಳು. ಪಾದ್ರಿ ಗಾಶ್ಪಾರ್ ಕೇಳಿದಾಗ, ಕಣ್ಣಾರೆ ಕಾಣದ ಜಡೆಗೆ "ಆಯಿತು" ಎಂದಳು. ಅಯ್ಯೋ, ಆ ಒಂದು ಮಾತು! ಬೇರೆ ನಾಡಿನ ತಾಯಿಯಾಗಿದ್ದರೆ ಮೊಳೆಯನ್ನು ಹಲ್ಲಿನಿಂದಲಾದರೂ ಕೀಳುತ್ತಿದ್ದಳು. ಇವಳನ್ನು ಕಟ್ಟಿಹಾಕಿದ್ದು ಇವಳದೇ ಕಟ್ಟಳೆ.

ಹೊಲಿಗೆಮನೆಯಿಂದ ಬಂದ ಪೆಟ್ಟಿಗೆ ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಊರಿನಲ್ಲಿ ಗುಸುಗುಸು ಎದ್ದಿತು. ಒಂದು ದಿನ ಕೋಟೆಯ ಬಟ್ಟೆ ಒಗೆಯುವ ಪಿರೋಷ್ಕಾ ರೊಟ್ಟಿಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಬೋರೀ, ಮೇಲಿನ ಹಾಸಿಗೆ ಬಟ್ಟೆ ಒಗೆಯೋಳು ನಾನು. ಜ್ವರದ ಬೆವರು ಹೆಂಗಿರುತ್ತೆ ನಂಗೊತ್ತು. ಅದು ಬೆವರಲ್ಲ ಕಣೇ, ರಕ್ತ. ಆ ಹೆಂಗಸು ಹುಡುಗೀರನ್ನ ಹೊಡೆದೇ ಕೊಲ್ತಾಳೆ."

ಹಿಟ್ಟು ಮೆತ್ತಿದ ಕೈ ಪಟೀರೆಂದು ಪಿರೋಷ್ಕಾಳ ಕೆನ್ನೆಗೆ ಬಿತ್ತು. ಐದು ಬೆರಳೂ ಬೆಳ್ಳಗೆ ಮೂಡಿದ್ದವು.

"ಉಪ್ಪು ತಿಂದ ಮನೆಗೇ ಎರಡು ಬಗೀತೀಯಾ? ನಾಲಿಗೆ ಸೀಳಿಬಿಟ್ಟೇನು, ಹೋಗಾಚೆ!"

ಮಕ್ಕಳನ್ನು ಕಳಕೊಂಡ ಬೇರೆ ತಾಯಂದಿರೂ ಬಂದರು. ಬೋರಿ ಒಲೆಯ ಉದ್ದನೆಯ ಮರದ ಸಲಿಕೆ ಬೀಸಿ ಅವರನ್ನೆಲ್ಲ ಓಡಿಸಿದಳು. "ನನ್ನ ಮಗಳೂ ಸತ್ತಿದಾಳೆ. ನಾನೇ ತೆಪ್ಪಗಿದೀನಿ, ನಿಮ್ಮದೇನು ಹೆಚ್ಚುಗಾರಿಕೆ?" ಎಂದಳು. ಹೆತ್ತ ಹೊಟ್ಟೆಯೇ ನಂಬಿದೆ ಎಂದ ಮೇಲೆ ಊರು ಏನೆಂದು ಕೂಗೀತು? ದೊರೆಸಾನಿಗೆ ಸೈನಿಕರಿಗಿಂತ ಇವಳೊಬ್ಬಳು ದೊಡ್ಡ ಕಾವಲಾಗಿದ್ದಳು, ದೊರೆಸಾನಿಗೂ ಅದು ಚೆನ್ನಾಗಿ ಗೊತ್ತಿತ್ತು.

ಬಡವರ ಮನೆಯ ಹುಡುಗಿಯರು ಎಷ್ಟು ಸತ್ತರೂ ಮಿಸುಕದ ಸರಕಾರ, ಸಣ್ಣ ಜಮೀನುದಾರನೊಬ್ಬನ ಮಗಳು ಅದೇ ಹೊಲಿಗೆಮನೆಯಲ್ಲಿ ಸತ್ತಾಗ ಮೈಕೊಡವಿ ಎದ್ದಿತು. ಕುಲವಂತರ ಹೆಣಕ್ಕೆ ಬೆಲೆ ಬೇರೆ ನೋಡಿ. ಹಿಮ ಕರಗುವ ಮೊದಲೇ ರಾಜನ ಕಡೆಯ ವಿಚಾರಣಾಧಿಕಾರಿ ಸೈನಿಕರೊಂದಿಗೆ ಬಂದಿಳಿದ. ದೊರೆಸಾನಿ ತನ್ನ ಹಕ್ಕು ಕೇಳಿದಳು: ಹಳೆಯ ಪದ್ಧತಿಯಂತೆ ಪ್ರಮಾಣ. ಏಳು ಜನ ಸ್ಮಶಾನದಲ್ಲಿ ಮೊಣಕಾಲುದ್ದದ ಗುಂಡಿಯಲ್ಲಿ, ಬರಿಗಾಲಲ್ಲಿ, ಸೊಂಟದ ಪಟ್ಟಿ ಬಿಚ್ಚಿ, ಸತ್ತವರ ಗೋರಿಯ ಮಣ್ಣಿನ ಹೆಂಟೆಯನ್ನು ತಲೆಯ ಮೇಲಿಟ್ಟು ನಿಂತು "ಈಕೆ ನಿರಪರಾಧಿ" ಎನ್ನಬೇಕು. ಸುಳ್ಳು ಹೇಳಿದವರನ್ನು ವರ್ಷ ತಿರುಗುವುದರೊಳಗೆ ಅದೇ ಮಣ್ಣು ನುಂಗುತ್ತದೆ ಎಂಬುದು ನಂಬಿಕೆ. ಏಳು ಬಾಯಿ ಒಂದೇ ಮಾತಾಡಿದರೆ ಮೊಕದ್ದಮೆ ಮುಗಿದಂತೆ.

"ಮೊದಲು ನೀನು ನಿಲ್ಲು ಅಕ್ಕಾ. ನಿನ್ನ ಮಗಳ ಗೋರಿಯ ಮಣ್ಣೇ ಹೊತ್ತುಕೋ. ನೀನು ಹೇಳಿದ ಮೇಲೆ ಯಾವ ಗಂಡಸು ಬಾಯಿ ಬಿಡ್ತಾನೆ ನೋಡೋಣ."

"ಇದನ್ನೂ ಕೇಳ್ಬೇಕೇನೆ ಫ್ರುಜಿ?"

"ಹೊಲಿಗೆಮನೆ ಪೆಟ್ಟಿಗೇಲಿ ಬಿಳೀ ಅಂಗಿ ಇದೆ, ಪ್ರಮಾಣಕ್ಕೆ ಅದನ್ನ ಹಾಕ್ಕೋ."

ಯಾವ ಪೆಟ್ಟಿಗೆ ಎಂದು ಹೇಳುವುದನ್ನು ದೊರೆಸಾನಿ ಮರೆತಳು. ಬೋರಿ ಮೊದಲು ತೆರೆದ ಪೆಟ್ಟಿಗೆಯಲ್ಲಿ ಬಿಳಿ ಅಂಗಿ ಇರಲಿಲ್ಲ. ಸತ್ತ ಹುಡುಗಿಯರ ಪಾರ್ಟಾಗಳು ರಾಶಿ ಬಿದ್ದಿದ್ದವು. ಮೇಲೆಯೇ ಇತ್ತು, ಸುಟ್ಟ ಹಿಟ್ಟಿನ ಕೆಂಪು ಮಣಿ ಪೋಣಿಸಿದ್ದು.

ಬೋರಿ ಆ ಮಣಿಯನ್ನು ಬೆರಳಿನಿಂದ ಸವರಿ ನೋಡಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದು ನೇರ ದೊರೆಸಾನಿಯ ಕೋಣೆಗೆ ನುಗ್ಗಿದಳು.

"ಇದನ್ನ ಕಟ್ಟಿದೆ ಅಂದ್ಯಲ್ಲೇ. ನಿನ್ನ ಕೈಯಾರೆ ಜಡೆ ಹೆಣೆದೆ ಅಂದ್ಯಲ್ಲೇ!"

ದೊರೆಸಾನಿ ಕಿಟಕಿಯ ಬಳಿ ಕೂತಿದ್ದಳು. ಬೆಚ್ಚಲಿಲ್ಲ, ಬೆವರಲಿಲ್ಲ.

"ಹೆಣೆಯೋಕೆ ಕೂದಲಿರಲಿಲ್ಲ ಬೋರಿ. ಅಂಗಿಯ ಲೇಸು ಹರಿದು ಎದುರುತ್ತರ ಕೊಟ್ಟಳು. ನನಗೆ ಕೋಪ ಬಂದ್ರೆ ಹೆಂಗೆ ಅಂತ ನಿನಗೇ ಗೊತ್ತಲ್ಲ."

"ನನ್ನ ಮಗು ಕಣೇ ಅದು! ನಿನ್ನ ನಂಬಿ ಕೊಟ್ಟೆ!"

"ಕೊಟ್ಟೋಳು ನೀನೇ ತಾನೇ? ಅದನ್ನ ನೆನಪಿಟ್ಕೊಂಡು ನಾಳೆ ಮಾತಾಡು. ಆ ಹುಡುಗೀರೆಲ್ಲ ತಿಂದಿದ್ದು ನಿನ್ನ ಒಲೆ ರೊಟ್ಟಿ. ವಿಷ ಇತ್ತು ಅಂತ ನಾನೊಂದು ಮಾತಂದ್ರೆ ದೊರೆ ರಕ್ತಕ್ಕೆ ಏನೂ ಆಗಲ್ಲ. ರೊಟ್ಟಿಯೋಳನ್ನ ಸುಡ್ತಾರೆ."

'ಅಕ್ಕಾ' ಎನ್ನಲಿಲ್ಲ. ಬೋರಿಗೆ ಸಾವಿನ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ನಾಚಿಕೆಯಾಗಬೇಕು, ಆದರೂ ಹಾಗೇ ಆಯಿತು. ಮೆಟ್ಟಿಲಿಳಿಯುತ್ತ ಅವಳು ಅತ್ತಿದ್ದು ಮಗಳಿಗಾಗಿಯೋ ಫ್ರುಜಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸ್ಮಶಾನದಲ್ಲಿ ಕಣಿವೆಗೆ ಕಣಿವೆಯೇ ನೆರೆದಿತ್ತು. ಅಧಿಕಾರಿ ಕುರ್ಚಿ ಹಾಕಿಸಿಕೊಂಡಿದ್ದ. ದೊರೆಸಾನಿ ಕಪ್ಪು ತುಪ್ಪಳ ಹೊದ್ದು ಪಕ್ಕದಲ್ಲಿ ಕೂತಿದ್ದಳು. ಬೋರಿ ಪಾದರಕ್ಷೆ ಕಳಚಿ, ಪಟ್ಟಿ ಬಿಚ್ಚಿ ಗುಂಡಿಗಿಳಿದಳು. ಪಾದ್ರಿ ಗಾಶ್ಪಾರ್ ಯುಟ್ಕಾಳ ಗೋರಿಯಿಂದ ಕಿತ್ತ, ಕಲ್ಲಿನಂತೆ ಹೆಪ್ಪುಗಟ್ಟಿದ ಹೆಂಟೆಯನ್ನು ಅವಳ ತಲೆಯ ಮೇಲಿಟ್ಟ.

"ಹೇಳಮ್ಮ. ನಿನ್ನ ಮಗಳು ಹೇಗೆ ಸತ್ತಳು?" ಎಂದು ಅಧಿಕಾರಿ ಕೇಳಿದ.

ಜ್ವರ ಎಂದರೆ ಜೀವ ಉಳಿಯುತ್ತಿತ್ತು. ಎರಡೇ ಅಕ್ಷರ. ಹೆಂಟೆಯ ಹುಡಿ ಬೋರಿಯ ಹಣೆಯ ಮೇಲೆ ಉದುರುತ್ತಿತ್ತು.

"ಪಾದ್ರಿಗಳೇ, ಅವತ್ತು ನೀವು ಜಡೆ ಆಯ್ತಾ ಅಂದ್ರಿ. ನಾನು ಆಯ್ತು ಅಂದೆ. ಸುಳ್ಳು ಹೇಳಿದೆ. ಜಡೆ ಆಗಿಲ್ಲ. ತಾಯಿ ಹಕ್ಕು ಕೇಳ್ತಿದೀನಿ, ಪೆಟ್ಟಿಗೆ ತೆಗೀರಿ. ನನ್ನ ಮಗಳ ತಲೆ ಬಾಚಿ ಆಮೇಲೆ ಪ್ರಮಾಣ ಮಾಡ್ತೀನಿ."

ಜನ ಗುಲ್ಲೆಂದರು. ದೊರೆಸಾನಿ ಎದ್ದು ನಿಂತಳು. ಅಧಿಕಾರಿ ಪಾದ್ರಿಯ ಮುಖ ನೋಡಿದ. ಅಷ್ಟೂ ಹುಡುಗಿಯರನ್ನು ಹೇಗೆ ಸತ್ತರೆಂದು ಕೇಳದೆ ಹೂತಿದ್ದ ಪಾದ್ರಿ ತಲೆ ತಗ್ಗಿಸಿ, "ಹಕ್ಕು ಇದೆ" ಎಂದ.

ಮಾಗಿಯ ನೆಲ ಹೆಣವನ್ನು ಹಾಗೆಯೇ ಕಾದಿಟ್ಟಿತ್ತು. ತಲೆಯಲ್ಲಿ ಒಂದೆಳೆ ಕೂದಲಿರಲಿಲ್ಲ, ಬುಡಸಮೇತ ಸುಟ್ಟಿತ್ತು. ಬೆರಳುಗಳನ್ನು ನೋಡಿದ ಸೈನಿಕನೊಬ್ಬ ಅತ್ತ ತಿರುಗಿ ವಾಂತಿ ಮಾಡಿಕೊಂಡ. ಬೋರಿ ಮಂಡಿಯೂರಿ, ಬೋಳು ತಲೆಗೆ ಪಾರ್ಟಾ ಕಟ್ಟಿದಳು. ಗಂಟು ಬಿಗಿಯಾಗದಂತೆ ಮೆಲ್ಲಗೆ ಕಟ್ಟಿದಳು. ಎದ್ದು, "ಈಗ ಆಯಿತು" ಎಂದಳು.

ಇಷ್ಟಾದ ಮೇಲೆ ಜ್ವರದ ಮಾತನ್ನು ಯಾರೂ ಆಡಲಿಲ್ಲ. ಆದರೆ ದೊರೆಸಾನಿ ಕಣ್ಣೊರೆಸಿಕೊಂಡು, ಬೋರಿಯತ್ತ ಬೆರಳು ತೋರಿದಳು.

"ಹುಡುಗಿಯರನ್ನು ಸಂಭಾಳಿಸ್ತಿದ್ದೋಳು ಇವಳೇ. ಊಟ ಕಳಿಸ್ತಿದ್ದೋಳೂ ಇವಳೇ, ತಾಯಂದಿರ ಬಾಯಿ ಮುಚ್ಚಿಸ್ತಿದ್ದೋಳೂ ಇವಳೇ. ಇವಳು ಮಾಡಿದ್ದು ನನಗೆ ಏನು ಗೊತ್ತು? ನಾನು ವಿಧವೆ, ಕೆಳಗಿನವರನ್ನ ನಂಬಿ ಮೋಸಹೋದೆ."

ಬೋರಿ ಅವಳನ್ನೇ ನೋಡಿದಳು. ಆ ಕಣ್ಣಲ್ಲಿ ನಿಜವಾದ ನೀರಿತ್ತು.

ದೊರೆರಕ್ತದ ಮೇಲೆ ಕೈ ಮಾಡುವಂತಿಲ್ಲ, ಕಾನೂನೇ ಹಾಗೆ. ದೊರೆಸಾನಿ ತನ್ನ ಕೋಣೆಯಲ್ಲೇ ಬಂದಿಯಾಗಿರಲಿ ಎಂದಾಯಿತು, ಬೆಚ್ಚಗೆ, ಆಳುಕಾಳು ಸಹಿತ. ಆದರೆ ಅಷ್ಟು ಹೆಣಕ್ಕೆ ಒಂದಾದರೂ ಕುತ್ತಿಗೆ ಬೇಡವೇ? ಅಧಿಕಾರಿ ನ್ಯಾಯವಂತನ ಹಾಗೆ ಗಂಟಲು ಸರಿಮಾಡಿಕೊಂಡು ಜನರತ್ತ ತಿರುಗಿದ.

"ಈ ರೊಟ್ಟಿಯವಳಿಗೂ ಅದೇ ಹಕ್ಕು ಕೊಡ್ತೀನಿ. ಏಳು ಜನ ಇವಳ ಪರ ಗುಂಡಿಗಿಳಿದರೆ ಬಿಟ್ಟುಬಿಡ್ತೀನಿ. ಬನ್ನಿ."

ಯಾರೂ ಕದಲಲಿಲ್ಲ. ಬೋರಿ ಒಬ್ಬೊಬ್ಬ ತಾಯಿಯ ಮುಖವನ್ನೂ ನೋಡಿದಳು. "ನಂಗೆ ಗೊತ್ತಿರಲಿಲ್ಲ ಕಣ್ರೇ. ನನಗೂ ಮೋಸ ಆಯ್ತು ಕಣ್ರೇ" ಎಂದಳು.

"ನಾವು ಬಂದು ಹೇಳಿದಾಗ ಸಲಿಕೆ ಬೀಸಿದ್ದು ಯಾರೇ?" ಎಂದು ಗುಂಪಿನಿಂದ ಒಬ್ಬ ತಾಯಿ ಕೂಗಿದಳು. "ಅವತ್ತು ನೀನು ಒಂದು ಮಾತು ಆಡಿದ್ರೆ ನನ್ನ ಕಿರಿಯೋಳಾದ್ರೂ ಉಳೀತಿದ್ಲು!"

ಬೋರಿ ಮಗಳ ಪೆಟ್ಟಿಗೆಯತ್ತ ತಿರುಗಿ ನಿಂತಳು.

ಗುಂಪಿನ ಹಿಂದಿನಿಂದ ಪಿರೋಷ್ಕಾ ಜನರನ್ನು ನೂಕಿಕೊಂಡು ಬಂದಳು. ಯಾರ ಮುಖವನ್ನೂ ನೋಡದೆ ಸೊಂಟದ ಪಟ್ಟಿ ಬಿಚ್ಚಿದಳು, ಪಾದರಕ್ಷೆ ಕಳಚಿಟ್ಟಳು, ಗುಂಡಿಗಿಳಿದು ಹೆಂಟೆಯನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. "ಇವಳು ಮೂರ್ಖಳು. ಕೊಲೆಗಾತಿ ಅಲ್ಲ" ಎಂದಳು.

ಅಧಿಕಾರಿ ಕಾದ. ಪಾದ್ರಿ ಗಾಶ್ಪಾರ್ ನೆಲ ನೋಡುತ್ತಿದ್ದ. ಎರಡನೆಯವರು ಬರಲಿಲ್ಲ. ಪಿರೋಷ್ಕಾ ಮಾತ್ರ ಗುಂಡಿಯಿಂದ ಮೇಲೆ ಬರಲೊಲ್ಲಳು, ಬೇಕೆಂದರೆ ಏಳು ಸಲ ಹೇಳುತ್ತೇನೆ ಎಂದು ಹಟ ಹಿಡಿದಳು. ಸೈನಿಕರು ಬೋರಿಯ ಕೈಗೆ ಹಗ್ಗ ಬಿಗಿದು ಗಾಡಿ ಹತ್ತಿಸಿದರು. ಗಾಡಿ ಹೊರಡುವಾಗ ಅವಳು ಕೋಟೆಯ ಕಡೆ ನೋಡಲಿಲ್ಲ, ಗುಂಡಿಯ ಕಡೆ ತಿರುಗಿದಳು.

"ಪಿರೋಷ್ಕಾ, ಮೇಲೆ ಬಾರೇ. ಕಾಲಿಗೆ ಏನಾದ್ರೂ ಹಾಕ್ಕೋ, ನೆಲ ತಣ್ಣಗಿದೆ."