ಎಲ್ಲರ ಗೋತ್ರ ಕಲೆಸಿದ ಸ್ಕ್ರಿಪ್ಟ್

ಮಾನ್ವಿಯ ಗುಡಿಯೊಂದರ ಸಾಮೂಹಿಕ ಪೂಜೆಗೆ ಫೋನಿನಲ್ಲಿ ಹೆಸರು ಬರೆಸುವವರು ಹೆಚ್ಚಾದಾಗ, ಪಟ್ಟಿ ಮುದ್ರಿಸಿಕೊಡುವ ಹೊಣೆಯನ್ನು ರಾಯಚೂರಿನಲ್ಲಿದ್ದ ನಾನು ಹೊತ್ತುಕೊಂಡೆ. ಕಂಪ್ಯೂಟರ್ ನನ್ನ ಕಸುಬು. ಕಮಾಂಡ್ ಕೊಟ್ಟರೆ ಹೆಸರು ಬರೆಸಿದವರು ಸಾಲಿಗೊಬ್ಬರಂತೆ ಬರುತ್ತಿದ್ದರು: ಮೊದಲು ಹೆಸರು, ಆಮೇಲೆ ಗೋತ್ರ. ಸ್ಕ್ರಿಪ್ಟ್ ಎಂಬ ನನ್ನ ಪುಟ್ಟ ಪ್ರೋಗ್ರಾಂ ಅದನ್ನು ವೇರಿಯಬಲ್ ಎಂಬ ಡಬ್ಬಿಯಲ್ಲಿ ಹಿಡಿದಿಟ್ಟು ಪ್ರಿಂಟರಿಗೆ ದಾಟಿಸಬೇಕು, ಅಷ್ಟೇ.

ಮೊದಲ ಪಟ್ಟಿಯಲ್ಲೇ ನನ್ನ ತಂಗಿಯೂ ಇದ್ದಳು. ದೇವದುರ್ಗದ ವರನ ಕಡೆಯವರು ಅವಳನ್ನು ಒಪ್ಪಿದ್ದರು. ಪೂಜೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೇ ತಾಂಬೂಲ ಬದಲಿಸುವುದೆಂದು ಮಾತಾಗಿತ್ತು. ಪಟ್ಟಿಯಲ್ಲಿ ಮೊದಲು ವರನ ಅಜ್ಜಿ, ಆಮೇಲೆ ವರ, ಅವನ ಹಿಂದೆಯೇ ನನ್ನ ತಂಗಿ.

ಪೂಜೆಯ ದಿನ ಗಡಿಬಿಡಿಯಲ್ಲಿ ಕಾಗದವನ್ನು ನೋಡದೆ ಗುಡಿಯ ಆಚಾರ್ಯರ ಕೈಗೆ ಕೊಟ್ಟುಬಿಟ್ಟೆ. ಅದರಲ್ಲಿ ಸಾಲುಗಳೆಲ್ಲ ಕರಗಿ, ಸಂತೆಯ ದಿನದ ಬಸ್ಸಿನಂತೆ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಆಚಾರ್ಯರಿಗೋ ಗೋತ್ರ ಹೇಳಿ ಆಮೇಲೆ ಹೆಸರು ಹೇಳುವ ರೂಢಿ. ಯಾರು ಎಲ್ಲಿ ಮುಗಿದರೆಂದು ತಿಳಿಯದೆ, ಒಬ್ಬೊಬ್ಬರ ಗೋತ್ರವನ್ನೂ ಮುಂದಿನವರಿಗೆ ದಾನ ಮಾಡುತ್ತ ಹೋದರು. ಅಜ್ಜಿಯ ಭಾರದ್ವಾಜ ಮೊಮ್ಮಗನಿಗೆ ಹೋಯಿತು, ಅದು ಸರಿಯೇ. ಮೊಮ್ಮಗನ ಭಾರದ್ವಾಜ ಕಾಶ್ಯಪ ಗೋತ್ರದ ನನ್ನ ತಂಗಿಗೆ ಬಂತು. ಒಂದೇ ಗೋತ್ರವೆಂದರೆ ಒಡಹುಟ್ಟು. ಮದುವೆಯ ಮಾತೇ ಇಲ್ಲ.

ಅಜ್ಜಿ ಎದ್ದು ನಿಂತರು. “ಏನ್ರೀ, ನಮ್ಮ ಮುಂದ ಕಾಶ್ಯಪ ಅಂದ್ರಿ, ದೇವರ ಮುಂದ ಭಾರದ್ವಾಜ ಅಂತೀರಿ! ಅಣ್ಣಗ ತಂಗೀನ ತರಲಿಕ್ಕ ಬಂದೀವೇನು ನಾವು?”

ತಾಂಬೂಲದ ತಟ್ಟೆ ಹಿಡಿದಿದ್ದ ಅಪ್ಪನ ಮುಖ ಸುಣ್ಣವಾಯಿತು. ನಾನು ಓಡಿ ಕಾಗದ ನೋಡಿದೆ.

“ಅಜ್ಜೀ, ತಪ್ಪು ನಂದರೀ. ವೇರಿಯಬಲ್‌ಗೆ ಕೊಟೇಶನ್ ಮಾರ್ಕ್ ಹಾಕೋದು ಮರ್ತೀನಿ. ಅದಿಲ್ಲಂದ್ರ ಸಾಲೆಲ್ಲಾ ಕೂಡಿಬಿಡ್ತಾವ.”

“ಮಾರ್ಕ್ ಹಾಕಿದ್ರ ಗೋತ್ರ ಬದಲಾಗ್ತದೇನೋ? ಭಾಳ ಅಗ್ಗದ ಗೋತ್ರ ನಿಮ್ದು!”

“ಉಸಿರು ಬಿಡಲಿಕ್ಕ ಜಾಗಾ ಎಲ್ಲಿ ಅದನೋ ಇದರಾಗ?” ಎಂದು ಆಚಾರ್ಯರೂ ನನ್ನ ಮೇಲೇ ಬಂದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಕೂಗಿದರು: “ಆಚಾರ್ರ, ನಂಗೊಂದು, ನನ್ನ ಹೆಂಡ್ತಿಗೊಂದು ಗೋತ್ರ ಹೇಳೀರಿ. ಮಕ್ಕಳನ್ನ ಯಾರ ಕಡೆ ಹಾಕೂಣ್ರೀ?”

ಆ ಪುಣ್ಯಾತ್ಮರೇ ನನ್ನನ್ನು ಉಳಿಸಿದರು. ಕೆಟ್ಟದ್ದು ನಮ್ಮೊಬ್ಬರ ಗೋತ್ರವಲ್ಲ, ಇಡೀ ಪಟ್ಟಿಯೇ ಎಂದು ತಿಳಿದು ಅಜ್ಜಿ ಮತ್ತೆ ಕುಳಿತರು. ಲ್ಯಾಪ್‌ಟಾಪ್ ತೆರೆದು ಆ ವೇರಿಯಬಲ್ಲಿನ ಎರಡೂ ಬದಿಗೆ ಗುರುತು ಹಾಕಿ, ಎದುರಿನ ಝೆರಾಕ್ಸ್ ಅಂಗಡಿಯಿಂದ ಹೊಸ ಪಟ್ಟಿ ತಂದೆ. ಎಲ್ಲರೂ ತಮ್ಮ ತಮ್ಮ ಸಾಲಿನಲ್ಲಿ ನಿಂತಿದ್ದರು. ಅಜ್ಜಿ ಅದನ್ನು ಕಸಿದುಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತ ಬಂದರು. ತಂಗಿಯ ಸಾಲಿನಲ್ಲಿ ಬೆರಳು ನಿಂತಿತು.

“ಕಾಶ್ಯಪ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅಪ್ಪನ ತಟ್ಟೆಗೆ ಕೈ ಚಾಚಿದರು. “ಲಗ್ನಪತ್ರಿಕಾ ಮಾತ್ರ ಪ್ರೆಸ್ಸಿನಾಗ ಹಾಕಸ್ರಿ. ಈ ಹುಡುಗನ ಕೈಯಾಗ ಕೊಟ್ರ ಮದಿಮಗಳು ಯಾರಂತ ಹುಡುಕಬೇಕಾಗ್ತದ.”