ದೆವ್ವ ಯಾರೆಂದು ಹೇಳಿಬಿಟ್ಟ ಮಾವ

ನಶ್ಯದ ವಾಸನೆ ಬಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಹೊಸನಗರದ ನಮ್ಮ ಮನೆಗೆ ಬಾಡಿಗೆ ವಿಸಿಆರ್ ಬಂದಿತ್ತು, ಜೊತೆಗೆ ಆಗಷ್ಟೇ ಬಿಡುಗಡೆಯಾದ ದೆವ್ವದ ಸಿನಿಮಾದ ಕ್ಯಾಸೆಟ್. ಅದು ರೀಮೇಕ್. ಮೂಲ ಸಿನಿಮಾವನ್ನು ಸೋದರಮಾವ ಶಿವಮೊಗ್ಗದ ಟಾಕೀಸಿನಲ್ಲಿ ನೋಡಿಬಂದಿದ್ದರು. ನಾವೂ ಅಕ್ಕಪಕ್ಕದವರೂ ಚಾಪೆಯ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆವು. ತೆರೆಯ ಮೇಲೆ ಬಾಗಿಲು ಕಿರ್ರೆಂದಿತು. ಮಾವ ನಶ್ಯ ಏರಿಸಿ, “ಎಂತಕ್ಕೆ ಹೆದರ್ತೀರಾ? ಆ ಅಡುಗೆಯವಳೇ ದೆವ್ವ” ಎಂದುಬಿಟ್ಟರು.

ರಜೆಯೆಲ್ಲ ಕಾದಿದ್ದ ನನಗೆ ಅಳು ಬಂತು.

“ಅಳ್ತೀಯಲ್ಲೇ ಮಾರಾಯ್ತಿ!” ಎಂದು ನಕ್ಕರು. ಆ ನಗುವನ್ನು ನಾನು ಮರೆಯಲಿಲ್ಲ.

ಮೊನ್ನೆ ಮಾವ ಕೊಲೆಯ ಧಾರಾವಾಹಿಯೊಂದರ ಕೊನೆಯ ಕಂತಿಗೆ ಟಿವಿ ಮುಂದೆ ಕಾದು ಕೂತಿದ್ದರು. ಟಿವಿಗಿಂತ ಮೊದಲೇ ಆ್ಯಪಿನಲ್ಲಿ ಬಂದಿದ್ದ ಅದನ್ನು ನಾನು ಮೊಬೈಲಿನಲ್ಲಿ ಆಗಲೇ ನೋಡಿದ್ದೆ. ಪಕ್ಕದಲ್ಲಿ ಕೂತು, ನಶ್ಯದ ಡಬ್ಬಿಯನ್ನು ಅವರ ಕೈಗಿಟ್ಟು, ಮೆಲ್ಲಗೆ ಹೇಳಿದೆ:

“ಕೊಂದಿದ್ದು ಡ್ರೈವರ್, ಮಾವ.”