ನನ್ನ ಮೊದಲ ಬ್ರಾಂಚ್ ಮತ್ತು ತಾತನ ಹೆಸರಿನ ಮಕ್ಕಳು

ತೊಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದ ವಯಸ್ಸು. ಈಗಲೂ ಅದು ಬಹಳ ದೂರ ಹೋಗಿಲ್ಲ. ಆಫೀಸಿನ ಹಿರಿಯರೊಬ್ಬರು ಎಲ್ಲಿಂದಲೋ ಫ್ಲಾಪಿಯಲ್ಲಿ, ಪ್ರೋಗ್ರಾಮಿನ ಹಳೆಯ ಹೊಸ ರೂಪಗಳನ್ನೆಲ್ಲ ಕಾದಿಡುವ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ತಂದಿದ್ದರು. ಮೂಲ ಪ್ರೋಗ್ರಾಮಿಗೆ ಕೈ ಹಚ್ಚುವಂತಿಲ್ಲ, ಅದರಿಂದ ಬ್ರಾಂಚ್ ಎಂಬ ಬೇರೆ ನಕಲು ತೆಗೆದು ಅಲ್ಲಿ ತಿದ್ದಬೇಕು, ಸರಿಬಂದರೆ ಮಾತ್ರ ಮೂಲಕ್ಕೆ ಸೇರಿಸಬೇಕು ಎಂಬುದು ಅವರ ಕಟ್ಟಪ್ಪಣೆ. ನಮ್ಮಮ್ಮನೂ ಪಕ್ಕದ ಮನೆಯ ಹೆಪ್ಪನ್ನು ಮೊದಲು ಒಂದು ಲೋಟ ಹಾಲಿಗೆ ಹಾಕಿ ನೋಡುತ್ತಿದ್ದಳು. ನನಗೆ ಎರಡೂ ಪುಕ್ಕಲರ ಕೆಲಸ ಅನ್ನಿಸುತ್ತಿತ್ತು.

ಆಗ ನಮಗೆ ಸಿಕ್ಕಿದ್ದು ಕಲ್ಯಾಣದುರ್ಗದ ಒಂದು ಮಕ್ಕಳ ಆಸ್ಪತ್ರೆಯ ಚೀಟಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಅಲ್ಲಿ ವರ್ಷಗಟ್ಟಲೆ ಚೀಟಿ ಬರೆದಿದ್ದ ಗುಮಾಸ್ತರಿಗೆ ಕೈ ನಡುಗಲು ಶುರುವಾಗಿತ್ತು. ಕಂಪ್ಯೂಟರ್ ಬಂದಮೇಲೆ ನೀವು ಮನೆಗೆ ಹೋಗಬಹುದು ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಆದರೂ ಆ ಪುಣ್ಯಾತ್ಮರು ನಾನು ಹೋದಾಗಲೆಲ್ಲ ಹುರಿದ ಕಡಲೆಕಾಯಿ ಕೊಟ್ಟು, ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ವಿಚಾರಿಸುತ್ತಿದ್ದರು. ಅವರ ಕೆಲಸಕ್ಕೆ ಕುತ್ತು ತಂದವಳು ನಾನೇ ಎಂದು ನೆನೆದು ಕಡಲೆಕಾಯಿಯನ್ನು ತಿನ್ನದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಮಕ್ಕಳ ಪಟ್ಟಿಯಲ್ಲಿ ಒಂದೇ ಹೆಸರು, ಒಂದೇ ಮನೆ ಹೆಸರು, ಒಂದೇ ಊರು ಎರಡು ಮೂರು ಸಲ ಬಂದಿದ್ದವು. ಒಂದೇ ಮಗುವನ್ನು ಮತ್ತೆ ಮತ್ತೆ ಬರೆದಿದ್ದಾರೆ ಎಂದುಕೊಂಡೆ. ಮೂರೂ ಹೊಂದಿದರೆ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸುವಂತೆ, ಗೊಣಗುತ್ತಲೇ ಬೇರೆ ಬ್ರಾಂಚ್ ತೆಗೆದು ಪ್ರೋಗ್ರಾಂ ತಿದ್ದಿದೆ. ಪಟ್ಟಿಯ ನಕಲಿನ ಮೇಲೆ ಓಡಿಸಿ, ಪ್ರಿಂಟ್ ತೆಗೆದು, ಜಂಬದಿಂದ ಕಲ್ಯಾಣದುರ್ಗಕ್ಕೆ ಒಯ್ದೆ.

ಗುಮಾಸ್ತರು ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತರು.

"ಇಲ್ಲಿ ಮೂರು ಮಕ್ಳಿದ್ರು ಕಣಮ್ಮ. ಅಣ್ತಮ್ಮಂದಿರ ಮಕ್ಳು, ಮೂವರ್ಗೂ ತಾತನ ಹೆಸ್ರೇ ಇಟ್ಟವ್ರೆ. ಒಬ್ಬನ್ಗೆ ಒಂದು ಸೂಜಿಮದ್ದು ಮೈಗೆ ಒಗ್ಗಲ್ಲ. ಅವನ್ನೇ ತೆಗ್ದುಬುಟ್ಟಿದ್ದೀಯ."

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಹಿಂದೂಪುರದಲ್ಲಿದ್ದ ಮೂಲ ಪಟ್ಟಿಯಲ್ಲಿ ಆ ಹುಡುಗ ಇನ್ನೂ ಇದ್ದಾನೆ ಎಂಬುದು ನೆನಪಾಗಿ ನಮ್ಮ ಆಫೀಸಿನ ಹಿರಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೊಸ ಬ್ರಾಂಚಿಗೆ ಏನು ಬೇಕೆಂದು ಅವತ್ತೇ ಗುಮಾಸ್ತರ ಪಕ್ಕದಲ್ಲಿ ಕೂತು ಬರೆದುಕೊಂಡೆ. ತಂದೆಯ ಹೆಸರಿಗೆ ಜಾಗ ಮಾಡುತ್ತೇನೆ ಅಂದೆ. ಅವರು ಬೇಡವೆಂದರು.

"ಮಗೀನ ಎತ್ಕೊಂಡ್ ಬರೋಳು ತಾಯಿ. ಗಂಡನ ಹೆಸ್ರು ಬಾಯ್ಬಿಟ್ಟು ಹೇಳಲ್ಲ. ತವರೂರು ಕೇಳು, ನಗ್ತಾ ಹೇಳ್ತಾಳೆ."

ತವರೂರು ಕೇಳುವ ಆ ಬ್ರಾಂಚ್ ಮೂಲಕ್ಕೆ ಸೇರಿತು. ಸೇರಿಸುವಾಗ ಸಾಫ್ಟ್‌ವೇರ್ ಒಂದು ಟಿಪ್ಪಣಿ ಕೇಳುತ್ತದೆ. ಇದು ಗುಮಾಸ್ತರು ಹೇಳಿಕೊಟ್ಟದ್ದು ಎಂದು ಬರೆದೆ. ಅಷ್ಟು ಸಂತೋಷದಿಂದ ನಾನು ಯಾವ ಟಿಪ್ಪಣಿಯನ್ನೂ ಬರೆದಿಲ್ಲ.

ಮುಂದಿನ ವಾರ ಕಲ್ಯಾಣದುರ್ಗದಲ್ಲಿ ಡಾಕ್ಟರಿಗೆ ಆ ಮೂವರು ಮಕ್ಕಳನ್ನು ಪರದೆಯ ಮೇಲೆ ತೋರಿಸಿದೆ. ತವರೂರಿನ ಜಾಗ ಇನ್ನೂ ಖಾಲಿಯಿತ್ತು. ಇದನ್ನೆಲ್ಲ ಯಾರು ತುಂಬುತ್ತಾರೆ ಎಂದು ಅವರು ಕೇಳಿದರು. ಬಾಗಿಲ ಬಳಿ ನಿಂತಿದ್ದ ಗುಮಾಸ್ತರು ಅಲ್ಲಿಂದಲೇ ಹೇಳಿದರು.

"ದೊಡ್ಡೋನ ತಾಯಿದು ಕಂಬದೂರು ಸಾರ್. ನಡುವ್ಲೋನ್ದು ಗೋರಂಟ್ಲ. ಸೂಜಿ ಒಗ್ಗದೋನ ತಾಯಿದು ಇದೇ ಊರು."

ಡಾಕ್ಟರ್ ಗುಮಾಸ್ತರ ಕುರ್ಚಿಯನ್ನು ತಾವೇ ಎಳೆದು ತಂದು ಕಂಪ್ಯೂಟರಿನ ಪಕ್ಕಕ್ಕೆ ಹಾಕಿದರು.